ಅನಿಲ ಸಂವೇದಕಗಳಿಗೆ ಕರಾವಳಿಯ ಮಳೆಗಾಲವೇ ಪರೀಕ್ಷೆಯಾಗಲಿ

ಮಾನ್ಯ ಸಂಪಾದಕರೇ,

ನಮ್ಮ ದಕ್ಷಿಣ ಕನ್ನಡ–ಉಡುಪಿ ಅವಳಿ ಜಿಲ್ಲೆಗಳ ವಿಜ್ಞಾನಿಯೊಬ್ಬರು ನಿವೃತ್ತರಾದಾಗ ಪತ್ರಿಕೆಗಳಲ್ಲಿ ಬರುವ ಪರಿಚಯದಲ್ಲಿ ಅವರು ಎಷ್ಟು ಪ್ರಬಂಧ ಪ್ರಕಟಿಸಿದರು, ಎಷ್ಟು ಮಂದಿಗೆ ಪಿಎಚ್‌.ಡಿ. ಮಾರ್ಗದರ್ಶನ ಮಾಡಿದರು ಎಂಬುದಷ್ಟೇ ಇರುತ್ತದೆ. ಗಾಳಿಗೆ ಸೋರಿದ ಅನಿಲವನ್ನು ಪತ್ತೆಹಚ್ಚುವ ಅನಿಲ ಸಂವೇದಕ (ಸೆನ್ಸರ್) ಮತ್ತು ಅತಿ ಸೂಕ್ಷ್ಮ ಕಣಗಳಿಂದಾದ ನ್ಯಾನೊ ವಸ್ತುಗಳ ಸಂಶೋಧನೆಯಲ್ಲಿ ಆಯುಷ್ಯದ ಬಹುಪಾಲು ಕಳೆದವರ ದುಡಿಮೆಯನ್ನು ಹೀಗೆ ಎಣಿಕೆಗೆ ಇಳಿಸಿದರೆ, ಅವರು ಯಾವ ತೊಡಕನ್ನು ಬಿಡಿಸಲು ಹೆಣಗಿದರು ಎಂಬುದು ಓದುಗರಿಗೆ ತಿಳಿಯುವುದೇ ಇಲ್ಲ.

ಇಂಥ ಸಂವೇದಕಗಳಲ್ಲಿ ಬಳಸುವ ತವರದ ಆಕ್ಸೈಡನ್ನು ಸುಮಾರು 200ರಿಂದ 400 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಿಸಿದಾಗ ಗಾಳಿಯ ಆಮ್ಲಜನಕ ಅದರ ಮೇಲ್ಮೈಗೆ ಅಂಟಿಕೊಂಡು ಎಲೆಕ್ಟ್ರಾನುಗಳನ್ನು ಹಿಡಿದಿಟ್ಟುಕೊಳ್ಳುತ್ತದೆ; ಅಡುಗೆ ಅನಿಲ ಸೋರಿ ಬಂದರೆ ಅದು ಈ ಆಮ್ಲಜನಕದೊಡನೆ ವರ್ತಿಸಿ ಎಲೆಕ್ಟ್ರಾನುಗಳನ್ನು ಮರಳಿ ಬಿಡಿಸುವುದರಿಂದ ಆಕ್ಸೈಡಿನ ವಿದ್ಯುತ್ ರೋಧ (ವಿದ್ಯುತ್ ಹರಿವಿಗೆ ಒಡ್ಡುವ ತಡೆ) ಇಳಿದು ಸೋರಿಕೆ ಗೊತ್ತಾಗುತ್ತದೆ. ಜಪಾನಿನ ನವೋಯೋಶಿ ಟಾಗುಚಿ 1960ರ ದಶಕದಲ್ಲಿ ಈ ಗುಣವನ್ನು ಬಳಕೆಯ ಸಾಧನವಾಗಿಸಿದರು. ಅದೇ ದೇಶದ ನೊಬೊರು ಯಮಜೊಯೆ 1991ರಲ್ಲಿ, ಹರಳುಕಣಗಳು ಸುಮಾರು 6 ನ್ಯಾನೊಮೀಟರಿಗಿಂತ (ಒಂದು ನ್ಯಾನೊಮೀಟರ್ ಎಂದರೆ ಮಿಲಿಮೀಟರಿನ ಹತ್ತು ಲಕ್ಷದಲ್ಲೊಂದು ಭಾಗ) ಕಿರಿದಾದಾಗ ಸಂವೇದನೆ ಬಹಳವಾಗಿ ಹೆಚ್ಚುತ್ತದೆ ಎಂಬುದನ್ನು ಎತ್ತಿ ತೋರಿಸಿದರು. ಆದರೆ ಬಿಸಿಯಲ್ಲೇ ಕೆಲಸ ಮಾಡಬೇಕಾದ ಈ ಕಣಗಳು ದಿನ ಕಳೆದಂತೆ ಒಂದಕ್ಕೊಂದು ಬೆಸೆದು ದಪ್ಪವಾಗುತ್ತವೆ. ಅವನ್ನು ಕಿರಿದಾಗಿಯೇ ಉಳಿಸುವ ಪ್ರಯತ್ನಕ್ಕೆ ಎಷ್ಟೋ ಸಂಶೋಧಕರು ವರ್ಷಗಟ್ಟಲೆ ಸವೆಸಿದ್ದಾರೆ.

ಇನ್ನೊಂದು ತೊಡಕು ನೇರವಾಗಿ ನಮ್ಮೂರಿನದು. ನೀರಿನ ಆವಿ ಅದೇ ಮೇಲ್ಮೈಯನ್ನು ಹಿಡಿದುಕೊಂಡು ರೋಧವನ್ನೂ ಬದಲಿಸುತ್ತದೆ, ಸಂವೇದನೆಯನ್ನೂ ಮಂಕಾಗಿಸುತ್ತದೆ. ಈ ಕ್ಷೇತ್ರದಲ್ಲಿ ಸಂಶೋಧನೆ ಮಾಡುತ್ತಿರುವ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು, ಸಿಲಿಂಡರಿನ ಒಣಗಾಳಿಯಲ್ಲಿ ಚೆನ್ನಾಗಿ ನಡೆದ ಸಂವೇದಕವನ್ನು ಮಳೆಗಾಲದ ಆಟಿ ತಿಂಗಳಲ್ಲಿ ಕಿಟಕಿಯ ಬಳಿ ಇಟ್ಟಾಗ ಅನಿಲ ತಾಗದಿರುವಾಗಿನ ಅದರ ಮೂಲ ರೋಧವೇ ದಿನಕ್ಕೊಂದು ಬಗೆಯಾಯಿತೆಂದು ಹೇಳಿದಳು. ಆ ಒಂದು ಮಾತು ನನ್ನನ್ನು ಈ ಪತ್ರ ಬರೆಯುವಂತೆ ಮಾಡಿತು.

ಇದು ಪ್ರಯೋಗಾಲಯದೊಳಗಿನ ಸಂಗತಿ ಮಾತ್ರವಲ್ಲ. 2022ರ ಏಪ್ರಿಲ್‌ನಲ್ಲಿ ಮಂಗಳೂರಿನ ವಿಶೇಷ ಆರ್ಥಿಕ ವಲಯದ ಮೀನು ಸಂಸ್ಕರಣಾ ಘಟಕವೊಂದರ ತ್ಯಾಜ್ಯ ತೊಟ್ಟಿಯಲ್ಲಿ, ಬಿದ್ದವನನ್ನು ಎತ್ತಲು ಇಳಿದವರೂ ಸೇರಿ ಪಶ್ಚಿಮ ಬಂಗಾಳದ ಐವರು ಕಾರ್ಮಿಕರು ವಿಷಾನಿಲಕ್ಕೆ ಬಲಿಯಾದರು. ಮೀನಿನ ತ್ಯಾಜ್ಯ ಕೊಳೆತಾಗ ಹುಟ್ಟುವ ಹೈಡ್ರೋಜನ್ ಸಲ್ಫೈಡ್ ಮೊದಲು ಕೊಳೆತ ಮೊಟ್ಟೆಯಂತೆ ನಾರುತ್ತದೆ. ಗಾಳಿಯ ಹತ್ತು ಲಕ್ಷ ಭಾಗಗಳಲ್ಲಿ ಅದು ಸುಮಾರು 100 ಭಾಗದಷ್ಟಾದರೆ ಮೂಗೇ ಜಡವಾಗಿ ವಾಸನೆ ತಿಳಿಯುವುದಿಲ್ಲ. ತವರದ ಆಕ್ಸೈಡಿಗೆ ತಾಮ್ರದ ಆಕ್ಸೈಡ್ ಬೆರೆಸಿದರೆ, ಈ ಅನಿಲ ತಾಗಿದೊಡನೆ ತಾಮ್ರದ ಆಕ್ಸೈಡು ತಾಮ್ರದ ಸಲ್ಫೈಡಾಗಿ ಮಾರ್ಪಟ್ಟು ರೋಧ ಹಲವು ಪಟ್ಟು ಕುಸಿಯುತ್ತದೆ ಎಂಬುದು ದಶಕಗಳಿಂದ ಗೊತ್ತಿರುವ ವಿಚಾರ. ಗೊತ್ತಿರುವುದು ತೊಟ್ಟಿಯ ಬಾಯಿಯವರೆಗೆ ಬಂದಿಲ್ಲವೆಂಬ ನೋವು ನನ್ನದು.

ಸಂಶೋಧನಾ ಯೋಜನೆಗಳಿಗೆ ಸಾಮಾನ್ಯವಾಗಿ ಸಿಗುವುದು ಮೂರು ವರ್ಷ. ಉಪಕರಣ ತರಿಸಿ, ಪುಡಿ ತಯಾರಿಸಿ, ಅದರ ರಚನೆಯನ್ನು ಪರಿಶೀಲಿಸುವಷ್ಟರಲ್ಲಿ ಎರಡು ಮಳೆಗಾಲ ಮುಗಿದಿರುತ್ತವೆ. ಆದ್ದರಿಂದ ಸುರತ್ಕಲ್‌ನ ಎನ್‌ಐಟಿಕೆ ತಾಂತ್ರಿಕ ಶಿಕ್ಷಣ ಸಂಸ್ಥೆ, ಕೊಣಾಜೆಯ ಮಂಗಳೂರು ವಿಶ್ವವಿದ್ಯಾನಿಲಯ ಮತ್ತು ಮಣಿಪಾಲದ ಸಂಸ್ಥೆಗಳು ಜತೆಗೂಡಿ, ಅಮೋನಿಯಾ ಬಳಸುವ ಮಲ್ಪೆಯ ಮಂಜುಗಡ್ಡೆ ಘಟಕಗಳಲ್ಲಿ ಹಾಗೂ ಬೈಕಂಪಾಡಿಯ ಕೈಗಾರಿಕಾ ಪ್ರದೇಶದಲ್ಲಿ ತಮ್ಮ ಸಂವೇದಕಗಳನ್ನು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಟ್ಟು ನೋಡಲಿ. ಅದಕ್ಕೆ ಬೇಕಾದ ಹಣವನ್ನು ಸರ್ಕಾರ ಪ್ರತ್ಯೇಕವಾಗಿ ಕೊಡಲಿ. ತಾವೂ ಮುಂದಿನ ಬಾರಿ ಇಂಥ ವಿಜ್ಞಾನಿಯನ್ನು ಪರಿಚಯಿಸುವಾಗ, ಅವರ ಸಂವೇದಕ ಮಳೆಗಾಲದಲ್ಲಿ ಹೇಗೆ ನಡೆಯಿತೆಂದು ಕೇಳಿ ಪ್ರಕಟಿಸಬೇಕೆಂದು ವಿನಂತಿಸುತ್ತೇನೆ.

– ನಿವೃತ್ತ ಭೌತಶಾಸ್ತ್ರ ಉಪನ್ಯಾಸಕ, ಕಟಪಾಡಿ, ಉಡುಪಿ ಜಿಲ್ಲೆ