ಆಫ್ರಿಕಾದ ಶಾಲೆಗೆ ಶೌಚಾಲಯ ಕಟ್ಟಲು ಹೊರಡುವ ಮುನ್ನ

ಮಾನ್ಯರೆ,

ರಜೆಯಲ್ಲಿ ಎರಡು ಮೂರು ವಾರ ಕೆನ್ಯಾಕ್ಕೋ ತಾಂಜಾನಿಯಾಕ್ಕೋ ಹೋಗಿ ಹಳ್ಳಿ ಶಾಲೆಗೊಂದು ಶೌಚಾಲಯವನ್ನೋ ನೀರಿನ ತೊಟ್ಟಿಯನ್ನೋ ಕಟ್ಟಿಕೊಟ್ಟು ಬರುವ ಯುವ ತಂಡಗಳ ಮಾತು ಈಗ ದಾವಣಗೆರೆಯ ಕಾಲೇಜುಗಳಲ್ಲೂ ಕೇಳಿಬರುತ್ತಿದೆ. ಆ ಉಮೇದಿನ ಬಗ್ಗೆ ನಮ್ಮ ತಕರಾರಿಲ್ಲ. 1934ರಲ್ಲಿ ಬಿಹಾರದ ಭೂಕಂಪದ ಸುದ್ದಿ ಕೇಳಿ ಸ್ವಿಟ್ಜರ್ಲೆಂಡಿನ ಸ್ವಯಂಸೇವಕ ಪಿಯರ್ ಸೆರೆಸೋಲ್ ನಮ್ಮ ದೇಶಕ್ಕೂ ಹೀಗೆಯೇ ಬಂದು, ಮನೆ ಕಳಕೊಂಡವರ ಜತೆ ಕೆಲಸಕ್ಕೆ ನಿಂತಿದ್ದರು. ಆದರೆ ಅವರು ಉಳಿದದ್ದು ತಿಂಗಳುಗಟ್ಟಲೆ, ಬಂದದ್ದು ಮತ್ತೆ ಮತ್ತೆ. ಮೂರು ವಾರದ ಪ್ರವಾಸ ಎಡವುವುದು ಅಲ್ಲೇ.

ಮೊದಲನೆಯದು ಕ್ಯಾಲೆಂಡರ್. ನಮ್ಮ ಏಪ್ರಿಲ್–ಮೇ ರಜೆ ಎಂದರೆ ಕೆನ್ಯಾ ಮತ್ತು ಉತ್ತರ ತಾಂಜಾನಿಯಾದಲ್ಲಿ ದೊಡ್ಡ ಮಳೆಗಾಲ. ಮಾರ್ಚ್‌ನಿಂದ ಮೇವರೆಗೆ ಒಂದು ಮಳೆ, ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಇನ್ನೊಂದು. ತೋಡಿದ ಗುಂಡಿಯಲ್ಲಿ ನೀರು, ಮರಳಿನ ಲಾರಿ ಕೆಸರಿನಲ್ಲಿ. ಏಪ್ರಿಲ್‌ನಲ್ಲಿ ಕೆನ್ಯಾದ ಶಾಲೆಗಳಿಗೂ ರಜೆ ಇರುವುದರಿಂದ ಮೇಷ್ಟ್ರೂ ಸಿಗುವುದಿಲ್ಲ, ಮಕ್ಕಳೂ ಸಿಗುವುದಿಲ್ಲ. ಮೇ ತಿಂಗಳಲ್ಲೇ ಹೋಗಬೇಕೆಂದಿದ್ದರೆ ಮಲಾವಿ, ಜಾಂಬಿಯಾ ವಾಸಿ. ಅಲ್ಲಿ ನವೆಂಬರ್‌ಗೆ ಶುರುವಾದ ಮಳೆ ಏಪ್ರಿಲ್ ಹೊತ್ತಿಗೆ ಮುಗಿದಿರುತ್ತದೆ.

ಎರಡನೆಯದು ಮಣ್ಣು. ಈ ವಿಷಯದಲ್ಲಿ ನಮ್ಮ ಸೀಮೆಯ ಹುಡುಗರಿಗೆ ಯಾರೂ ಪಾಠ ಹೇಳಬೇಕಿಲ್ಲ. ಹರಿಹರ, ಹಿರಿಯೂರು ಕಡೆಯ ಎರೆ ಹೊಲ ಬೇಸಿಗೆಯಲ್ಲಿ ಕೈ ಇಳಿಯುವಷ್ಟು ಬಿರಿದು, ಮಳೆಗೆ ಉಬ್ಬುವುದನ್ನು ನೋಡಿಯೇ ಬೆಳೆದವರು. ಇಥಿಯೋಪಿಯಾ, ಕೆನ್ಯಾ, ತಾಂಜಾನಿಯಾಗಳಲ್ಲೂ ಇದೇ ಮಣ್ಣಿದೆ. ಕೆನ್ಯಾದ ಎಂಜಿನಿಯರುಗಳು ಅದನ್ನು ಕರೆಯುವುದೂ ನಮ್ಮಂತೆಯೇ, ಬ್ಲ್ಯಾಕ್ ಕಾಟನ್ ಸಾಯಿಲ್ ಎಂದು. ಇಂಥ ನೆಲದಲ್ಲಿ ಎರಡು ಅಡಿ ಪಾಯ ತೆಗೆದು ಗೋಡೆ ಎಬ್ಬಿಸಿದರೆ ಮೊದಲ ಮಳೆಗಾಲ ಮುಗಿಯುವಷ್ಟರಲ್ಲಿ ಬಾಗಿಲು, ಕಿಟಕಿಯ ಮೂಲೆಯಿಂದ ಮೆಟ್ಟಿಲಾಕಾರದ ಬಿರುಕು ಹೊರಡುತ್ತದೆ. ಹೋದ ದಿನವೇ ಎರಡು ಮೀಟರ್ ಆಳದ ಪರೀಕ್ಷಾ ಗುಂಡಿ ತೋಡಿಸಿ ನೋಡಬೇಕು. ಎರೆ ಒಂದು ಮೀಟರ್ ಒಳಗೆ ಮುಗಿದರೆ ಅದನ್ನು ಪೂರ್ತಿ ತೆಗೆದು ಗಟ್ಟಿ ಮೊರಂ (ಗರಸು ಮಣ್ಣು) ಮೇಲೆ ಪಾಯ ಹಾಕಿ. ಇನ್ನೂ ಆಳವಿದ್ದರೆ ಜಾಗ ಬದಲಿಸುವುದೇ ಅಗ್ಗ. ಬದಲಿಸಲಾಗದಿದ್ದರೆ ಮೊರಂ ತುಂಬಿಸಿ, 15 ಸೆಂ.ಮೀ.ಗೊಂದು ಪದರದಂತೆ ನೀರು ಹಾಕಿ ದಿಮ್ಮಸು ಹೊಡೆದು, ಮೇಲೆ ಕಬ್ಬಿಣ ಕಟ್ಟಿದ ಪ್ಲಿಂತ್ ಬೀಮ್, ಅಂದರೆ ಗೋಡೆಯ ಬುಡದ ಕಾಂಕ್ರೀಟ್ ತೊಲೆ, ಕೊಡಬೇಕು. ಸುತ್ತಲೂ ಒಂದು ಮೀಟರ್ ಅಗಲದ ಇಳಿಜಾರು ಕಾಂಕ್ರೀಟ್ ಪಟ್ಟಿ ಇರಲಿ. ಪಾಯದ ಬುಡಕ್ಕೆ ಮಳೆನೀರು ಇಳಿಯದಿದ್ದರೆ ಅರ್ಧ ತೊಂದರೆ ತಪ್ಪಿದಂತೆ.

ಮೂರನೆಯದು, ಬಹುಪಾಲು ತಂಡಗಳು ಮುಗ್ಗರಿಸುವ ಜಾಗ: ಸಿಮೆಂಟಿನ ಲೆಕ್ಕ. ಶೌಚದ ಗುಂಡಿಯ ಮೇಲಿನ ಚಪ್ಪಡಿ 2 ಮೀಟರ್ ಉದ್ದ, 1.5 ಮೀಟರ್ ಅಗಲ, 7.5 ಸೆಂ.ಮೀ. ದಪ್ಪ ಎಂದಿಟ್ಟುಕೊಳ್ಳಿ. ಸಿಮೆಂಟು, ಮರಳು, ಜಲ್ಲಿಯ 1:2:4 ಮಿಶ್ರಣದಲ್ಲಿ ಒಂದೂವರೆ ಚೀಲ ಸಿಮೆಂಟು, 8 ಮಿ.ಮೀ. ಸರಳು 15 ಸೆಂ.ಮೀ.ಗೊಂದರಂತೆ ಎರಡೂ ದಿಕ್ಕಿಗೆ. ಸರಳು ಚಪ್ಪಡಿಯ ಅಡಿಭಾಗದಲ್ಲಿರಬೇಕು, ಆದರೆ ತಳಕ್ಕೆ ಅಂಟಿರಬಾರದು, 2 ಸೆಂ.ಮೀ. ದಪ್ಪದ ಕವರ್ ಬಿಲ್ಲೆಗಳನ್ನು ಕೆಳಗಿಡಿ. ಹೊಸಬರು ಬಿಲ್ಲೆಯನ್ನೇ ಮರೆಯುತ್ತಾರೆ, ಇಲ್ಲವೇ ಕಾಂಕ್ರೀಟ್ ಹಾಕುವಾಗ ಜಾಲರಿಯ ಮೇಲೆ ನಡೆದು ಅದನ್ನು ತಳಕ್ಕೆ ತುಳಿಯುತ್ತಾರೆ. ಕಲಸಲು ಕೈ ಸೋತಾಗ ಇನ್ನೊಂದು ಬಕೆಟ್ ನೀರು ಸುರಿಯುವುದು ಇನ್ನೊಂದು ಚಟ. ಮರಳು ಒಣಗಿದ್ದರೂ 50 ಕೆ.ಜಿ. ಚೀಲಕ್ಕೆ 25ರಿಂದ 28 ಲೀಟರ್ ಸಾಕು. ಅದಕ್ಕಿಂತ ಹೆಚ್ಚಾದರೆ ಕಲಸುವುದು ಹಗುರ, ಚಪ್ಪಡಿಯೂ ಅಷ್ಟೇ ದುರ್ಬಲ.

ಹಾಕಿದ ಮೇಲೆ ಏಳು ದಿನ ನೀರುಣಿಸಬೇಕು, ಒಣ ಬಿಸಿಲಿನ ಊರಾದರೆ ಹತ್ತು ದಿನ. ಈಗ ಎರಡು ವಾರದ ಪ್ರವಾಸದ ದಿನಗಳನ್ನು ಎಣಿಸಿ. ಹೋಗಿ ಬರಲು ನಾಲ್ಕು, ಸಾಮಗ್ರಿ ತರಿಸಲು ಎರಡು. 1 ಮೀಟರ್ ಅಗಲ, 1.5 ಮೀಟರ್ ಉದ್ದ, 3 ಮೀಟರ್ ಆಳದ ಗುಂಡಿಗೆ ನಾಲ್ಕೈದು. ಆ ಗುಂಡಿಯಲ್ಲಿ ಎದೆಮಟ್ಟ ಇಳಿದ ಮೇಲೆ ಅಗೆಯಲು ಜಾಗವಿರುವುದು ಒಬ್ಬರಿಗೆ. ಇಪ್ಪತ್ತು ಜನರ ತಂಡವಾದರೆ ಉಳಿದ ಹತ್ತೊಂಬತ್ತು ಮಂದಿ ದಡದಲ್ಲಿ ನಿಂತು ಫೋಟೊ ತೆಗೆಯಬೇಕು. ದಡದಲ್ಲಿ ನಿಲ್ಲುವುದೂ ಅಪಾಯವೇ, ಅಂಚು ಕುಸಿಯುತ್ತದೆ. ಕಡೆಗೆ ಚಪ್ಪಡಿ ಹಾಕಿ ಮೂರನೇ ದಿನಕ್ಕೇ ಅದರ ಮೇಲೆ ಗೋಡೆ ಏಳುತ್ತದೆ, ಏಕೆಂದರೆ ನಾಲ್ಕನೇ ದಿನ ವಿಮಾನ. ನಮ್ಮ ಏಳು ದಿನದ ಎನ್‌ಎಸ್‌ಎಸ್ ವಿಶೇಷ ಶಿಬಿರಗಳಲ್ಲೂ ಆಗುವ ತಪ್ಪು ಇದೇ. ಇದಕ್ಕೆ ಪರಿಹಾರ ಕಷ್ಟದ್ದಲ್ಲ: ಗುಂಡಿ, ಅದರ ಒಳಗೋಡೆ, ಚಪ್ಪಡಿ ಮೂರನ್ನೂ ತಂಡ ಹೊರಡುವ ಒಂದು ತಿಂಗಳು ಮೊದಲೇ ಆ ಊರಿನ ಮೇಸ್ತ್ರಿಗೆ ಕೂಲಿ ಕೊಟ್ಟು ಮಾಡಿಸುವುದು. ವಿದ್ಯಾರ್ಥಿಗಳು ಹೋಗಿ ಮೇಸ್ತ್ರಿಯ ಕೈಕೆಳಗೆ ಗೋಡೆ, ಗಿಲಾವು, ಚಾವಣಿ, ಬಣ್ಣ ಮಾಡಲಿ. ರಸಮಟ್ಟ, ತೂಗುಗುಂಡು ಹಿಡಿಯುವುದನ್ನು ಜಗಳೂರಿನದೋ ಮೊಳಕಾಲ್ಮುರಿನದೋ ಒಂದು ಶಾಲೆಯ ಕಾಂಪೌಂಡಿನ ಮೇಲೆ ಮೊದಲೇ ಕಲಿತಿರಲಿ.

ಇನ್ನು ವಿನ್ಯಾಸ. ನಮ್ಮ ನೀರು ಸುರಿಯುವ, ಜೋಡಿ ಗುಂಡಿಯ ಶೌಚಾಲಯ ನಮಗೆ ಚೆನ್ನ. ಅದನ್ನೇ ಒಯ್ದು ಪೂರ್ವ ಆಫ್ರಿಕಾದ ಒಳನಾಡಿನಲ್ಲಿ ಕೂರಿಸಿದರೆ ತಿಂಗಳೊಪ್ಪತ್ತಿನಲ್ಲಿ ಕಟ್ಟಿಕೊಳ್ಳುತ್ತದೆ. ಅಲ್ಲಿ ಬಹಳಷ್ಟು ಕಡೆ ಶುಚಿಗೆ ಬಳಸುವುದು ನೀರನ್ನಲ್ಲ. ಕಾಗದ, ಎಲೆ, ಮೆಕ್ಕೆಜೋಳದ ತೆನೆಯ ದಿಂಡು. ನೀರು ನಿಲ್ಲುವ ಕೊಳವೆಯ ತಿರುವು ಅದನ್ನು ನುಂಗುವುದಿಲ್ಲ. ಅಲ್ಲಿಗೆ ಹೊಂದುವುದು 1970ರ ದಶಕದಲ್ಲಿ ಜಿಂಬಾಬ್ವೆಯಲ್ಲಿ ಪೀಟರ್ ಮಾರ್ಗನ್ ರೂಪಿಸಿದ ಗಾಳಿಕೊಳವೆಯ ಒಣ ಗುಂಡಿ ಶೌಚಾಲಯ. 2013ರ ಸ್ಟಾಕ್‌ಹೋಮ್ ಜಲ ಪ್ರಶಸ್ತಿ ಸಂದದ್ದು ಅವರಿಗೇ. ಗುಂಡಿಯಿಂದ 15 ಸೆಂ.ಮೀ. ವ್ಯಾಸದ ಕೊಳವೆ ಎದ್ದು ಚಾವಣಿಯನ್ನು ಅರ್ಧ ಮೀಟರ್ ಮೀರಿ ನಿಲ್ಲುತ್ತದೆ. ಗಾಳಿ ಚಪ್ಪಡಿಯ ಬಾಯಿಂದ ಒಳಗಿಳಿದು ಕೊಳವೆಯಿಂದ ಹೊರಹೋಗುವುದರಿಂದ ವಾಸನೆ ಕೋಣೆಗೆ ಬರುವುದಿಲ್ಲ. ಕೋಣೆ ಕತ್ತಲಿದ್ದರೆ ಗುಂಡಿಯ ನೊಣ ಬೆಳಕು ಕಾಣುವ ಕೊಳವೆಯತ್ತ ಹಾರಿ, ಮೇಲಿನ ಜಾಲರಿಗೆ ಸಿಕ್ಕಿ ಸಾಯುತ್ತದೆ. ಅಂದವೆಂದು ದೊಡ್ಡ ಕಿಟಕಿ ಇಟ್ಟರೂ, ಬಾಯಿಗೆ ಮುಚ್ಚಳ ಹಾಕಿದರೂ ಈ ಉಪಾಯ ಕೆಟ್ಟಿತು. ಸಾದಾ ಕಬ್ಬಿಣದ ಜಾಲರಿಯನ್ನು ಗುಂಡಿಯ ಅನಿಲ ಬೇಗ ತಿಂದುಹಾಕುತ್ತದೆ, ಸ್ಟೇನ್‌ಲೆಸ್ ಸ್ಟೀಲ್‌ನದೇ ಬೇಕು. ಪ್ರತಿ ಕೋಣೆಗೆ ಅದರದೇ ಕೊಳವೆ. ಚಿಕ್ಕ ಮಕ್ಕಳಿಗಾದ್ದರಿಂದ ಬಾಯಿಯ ಅಗಲ 18 ಸೆಂ.ಮೀ. ದಾಟದಿರಲಿ, ದೊಡ್ಡ ಬಾಯಿ ಕಂಡರೆ ಹೆದರಿ ಮಕ್ಕಳು ಹೊರಗೇ ಕೂರುತ್ತಾರೆ.

25 ಹುಡುಗಿಯರಿಗೊಂದು ಕೋಣೆ, 50 ಹುಡುಗರಿಗೊಂದು ಕೋಣೆ ಮತ್ತೊಂದು ಮೂತ್ರಾಲಯ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಶಾಲೆಯ ಹೊತ್ತಿನಲ್ಲಷ್ಟೇ ಬಳಕೆಯಾದರೆ 25 ಮಂದಿಗೆ ಮೇಲೆ ಹೇಳಿದ ಅಳತೆಯ ಗುಂಡಿ ಸುಮಾರು ಐದು ವರ್ಷ ಬರುತ್ತದೆ. ಬಾವಿಯಿಂದ 30 ಮೀಟರ್ ದೂರ, ಗುಂಡಿಯ ತಳದಿಂದ ಅಂತರ್ಜಲಕ್ಕೆ ಕನಿಷ್ಠ ಒಂದೂವರೆ ಮೀಟರ್ ಅಂತರ. ಹುಡುಗಿಯರ ಬಾಗಿಲಿಗೆ ಒಳಗಿನಿಂದ ಅಗುಳಿ. ಇಷ್ಟೆಲ್ಲ ಮಾಡಿ ಅಗುಳಿ ಮರೆತ ಕಟ್ಟಡಗಳು ನಮ್ಮಲ್ಲೂ ಬೇಕಾದಷ್ಟಿವೆ.

ನೀರಿನ ವಿಷಯದಲ್ಲಿ ಬೋರ್‌ವೆಲ್ ಎಂದೊಡನೆ ಹಣ ಕೂಡುತ್ತದೆ. ಆದರೆ ಪೂರ್ವ ಆಫ್ರಿಕಾದ ರಿಫ್ಟ್ ಕಣಿವೆಯ ಅಂತರ್ಜಲಕ್ಕೂ ಚಿತ್ರದುರ್ಗದ ಅಂತರ್ಜಲಕ್ಕೂ ಒಂದೇ ಕಾಯಿಲೆ, ಫ್ಲೋರೈಡ್. ಲೀಟರಿಗೆ 1.5 ಮಿ.ಗ್ರಾಂ ಮೀರಿದ ನೀರನ್ನು ಮಕ್ಕಳಿಗೆ ಕುಡಿಸಿದರೆ ಹಲ್ಲು ಕಂದುತ್ತದೆ, ತೀರಾ ಹೆಚ್ಚಿದ್ದರೆ ಮೂಳೆಗೂ ತಗಲುತ್ತದೆ. ಕುದಿಸಿದರೆ ಅದು ಹೋಗದು. ಪರೀಕ್ಷೆಯ ವರದಿ ಕೈಗೆ ಬಾರದೆ ಪಂಪು ಕೂರಿಸಬೇಡಿ. ಪಂಪು ಕೂರಿಸುವುದಾದರೂ ಅಲ್ಲಿಯ ಪೇಟೆಯಲ್ಲಿ ಬಿಡಿಭಾಗ ಸಿಗುವಂಥದ್ದೇ ಇರಲಿ. ನಮ್ಮ ಇಂಡಿಯಾ ಮಾರ್ಕ್-2 ಕೈಪಂಪು ಆಫ್ರಿಕಾದ ಹಲವು ದೇಶಗಳಲ್ಲಿದೆ, ಆದರೆ ಅದರ ಕೊಳವೆ ಎತ್ತಲು ಮೂರು ಕಾಲಿನ ಸ್ಟ್ಯಾಂಡು, ಹಿಡಿಕೆಗಳ ಸರಂಜಾಮು ಬೇಕು. ಆಫ್ರಿಡೆವ್ ಎಂಬ ಇನ್ನೊಂದು ಕೈಪಂಪಿನ ಪಿಸ್ಟನ್ನನ್ನು ಊರಿನವರೇ ಎಳೆದು ತೆಗೆದು ಸೀಲು ಬದಲಿಸಬಹುದು.

ಬಹಳ ಕಡೆ ಚಾವಣಿಯ ಮಳೆನೀರೇ ಸಾಕು. 100 ಚದರ ಮೀಟರ್ ತಗಡಿನ ಮೇಲೆ 10 ಮಿ.ಮೀ. ಮಳೆ ಬಿದ್ದರೆ ಸುಮಾರು 800 ಲೀಟರ್ ತೊಟ್ಟಿ ಸೇರುತ್ತದೆ. 10,000 ಲೀಟರ್ ತೊಟ್ಟಿ 200 ಮಕ್ಕಳಿಗೆ ದಿನಕ್ಕೆ ತಲಾ ಒಂದು ಲೀಟರ್‌ನಂತೆ 50 ದಿನ ಕುಡಿಯಲು ಬರುತ್ತದೆ. ಕೈತೊಳೆಯಲು ಬೇರೆ ಲೆಕ್ಕ. ಚಾವಣಿಯಂಚಿನ ದೋಣಿ ತಗಡಿಗೆ ನೂರಕ್ಕೆ ಒಂದರ ಇಳಿಜಾರು, ಮೀಟರಿಗೊಂದು ಹಿಡಿಕೆ. ಪ್ರತಿ ಮಳೆಯ ಮೊದಲ 100 ಲೀಟರ್ ಕೊಳೆನೀರು ಹೊರಹೋಗಲು ಬೇರೆ ಕೊಳವೆ. ತೊಟ್ಟಿ ಸೋರುವುದಕ್ಕಿಂತ ದೋಣಿ ಕಳಚಿ ಬೀಳುವುದೇ ಹೆಚ್ಚು, ಮತ್ತು ಅದನ್ನು ಮತ್ತೆ ಕಟ್ಟಲು ಯಾರ ಬಳಿಯೂ ಏಣಿ ಇರುವುದಿಲ್ಲ. ಒಂದು ಏಣಿ ಕೊಡಿಸಿ ಬನ್ನಿ.

ಕಾಗದಪತ್ರ: ಕೆನ್ಯಾ, ಉಗಾಂಡಾ, ಇಥಿಯೋಪಿಯಾಗಳಿಂದ ಭಾರತಕ್ಕೆ ಮರಳುವಾಗ ಹಳದಿ ಜ್ವರದ ಲಸಿಕೆಯ ಪತ್ರ ಕೇಳುತ್ತಾರೆ. ಲಸಿಕೆ ಹಾಕಿಸಿ ಹತ್ತು ದಿನವಾದ ಮೇಲಷ್ಟೇ ಅದು ಊರ್ಜಿತ. ಸಂಬಳವಿಲ್ಲದ ಕೆಲಸಕ್ಕೂ ಪ್ರವಾಸಿ ವೀಸಾ ಸಾಲದ ದೇಶಗಳಿವೆ. ಆಯಾ ರಾಯಭಾರ ಕಚೇರಿಯಿಂದ ಬರಹದಲ್ಲೇ ಉತ್ತರ ಪಡೆಯಿರಿ.

ಇಪ್ಪತ್ತು ಜನ ಹೋಗುವ ಬದಲು ಐದು ಜನ ಹೋಗಿ, ಉಳಿದ ಹದಿನೈದು ಟಿಕೆಟ್ಟಿನ ಹಣ ಶಾಲೆಯ ಆಡಳಿತ ಸಮಿತಿಯ ಕೈ ಸೇರಲಿ ಎಂಬುದು ನಮ್ಮ ಸಲಹೆ. ಕೆನ್ಯಾದಲ್ಲಿ ಸ್ವಾತಂತ್ರ್ಯ ಬಂದ 1963ರಿಂದೀಚೆಗೆ ಊರಿನವರೇ ಹಣ, ಶ್ರಮ ಕೂಡಿಸಿ ಕಟ್ಟಿದ ಶಾಲೆಗಳು ಬಹಳ. ಅವಕ್ಕೆ ಹರಾಂಬೆ ಶಾಲೆ ಎಂದೇ ಹೆಸರು. ಕಟ್ಟುವವರ ಕೊರತೆ ಅಲ್ಲಿಲ್ಲ. ಸಿಮೆಂಟು, ಕಬ್ಬಿಣ, ಎರಡನೇ ವರ್ಷದ ರಿಪೇರಿಗೆ ದುಡ್ಡು, ಇವುಗಳ ಕೊರತೆ ಇದೆ.

ಕೊನೆಗೆ, ಗುಂಡಿ ತೋಡಿದ ತಾರೀಖು, ಅದರ ಆಳ, ತುಂಬುವ ಅಂದಾಜು ವರ್ಷ, ಜಾಲರಿಯ ಅಳತೆ, ಮೇಸ್ತ್ರಿಯ ಹೆಸರು ಇಷ್ಟನ್ನು ಆ ಊರಿನ ಭಾಷೆಯಲ್ಲಿ ಗೋಡೆಯ ಮೇಲೆ ಎಣ್ಣೆ ಬಣ್ಣದಲ್ಲಿ ಬರೆಸಿ ಬನ್ನಿ. ಜಾಗ ಉಳಿದರೆ ದಾನಿಗಳ ಹೆಸರು.

– ಶಾಲಾ ಕಟ್ಟಡಗಳ ಕೆಲಸ ಬಲ್ಲ ಕೆಲವು ಎಂಜಿನಿಯರುಗಳು ಮತ್ತು ಮೇಸ್ತ್ರಿಗಳು, ದಾವಣಗೆರೆ