ಕೊನೇ ದಿನಾಂಕ ಅಕ್ಷರದಲ್ಲಿರಲಿ, ಚಿತ್ರದಲ್ಲಲ್ಲ

ಮಾನ್ಯ ಸಂಪಾದಕರೇ,

ನಾನು ದಾವಣಗೆರೆಯಲ್ಲಿ ಅಂಗಡಿ, ಶಾಲೆಗಳಿಗೆ ವೆಬ್‌ಸೈಟ್ ಮಾಡಿಕೊಡುವವಳು. ಕಣ್ಣು ಕಾಣದ ನನ್ನ ತಮ್ಮ ಈ ಸಲ ಡಿಗ್ರಿಗೆ ಸೇರಬೇಕು. ಕಂಪ್ಯೂಟರ್ ಪರದೆಯ ಮೇಲಿನ ಅಕ್ಷರವನ್ನು ದನಿಯಲ್ಲಿ ಓದಿ ಹೇಳುವ ಎನ್‌ವಿಡಿಎ ಎಂಬ ಸ್ಕ್ರೀನ್ ರೀಡರ್ ಹಾಕಿಕೊಂಡಿದ್ದಾನೆ. ಅದು ಉಚಿತ, ಕನ್ನಡವನ್ನೂ ಓದುತ್ತದೆ. ಆದರೆ ಒಂದು ಕಾಲೇಜಿನ ವೆಬ್‌ಸೈಟ್ ತೆರೆದಾಗ ಅದು ಬರೀ 'ಬಟನ್, ಬಟನ್' ಅಂದಿತು. ಅರ್ಜಿಯ ಕೊನೇ ದಿನಾಂಕ, ಫೀಸು ಎಲ್ಲ ಪುಟದ ಮೇಲೇ ದಪ್ಪ ಅಕ್ಷರದಲ್ಲಿತ್ತು. ನನಗೆ ಕಾಣುತ್ತಿತ್ತು, ಅವನಿಗೆ ಕೇಳಿಸಲಿಲ್ಲ.

ಕೋಡ್ ತೆರೆದು ನೋಡಿದೆ. ಅಲ್ಲಿದ್ದದ್ದು ಒಂದು ಖಾಲಿ ಡಿವ್, ಅಂದರೆ ಪುಟದಲ್ಲಿನ ಒಂದು ಖಾಲಿ ಚೌಕ. ಜಾವಾಸ್ಕ್ರಿಪ್ಟ್ (ಪುಟದೊಳಗೆ ಓಡುವ ಪುಟ್ಟ ಪ್ರೋಗ್ರಾಂ) ಆಗಾಗ ಅದರ 'ಸ್ಟೈಲ್.ಬ್ಯಾಕ್‌ಗ್ರೌಂಡ್‌ಇಮೇಜ್', ಅಂದರೆ ಹಿನ್ನೆಲೆ ಚಿತ್ರ, ಬದಲಿಸಿ ಒಂದೊಂದೇ ಜೆಪಿಜಿ ಚಿತ್ರ ತರುತ್ತಿತ್ತು. ಸೂಚನೆಯೆಲ್ಲ ಆ ಜೆಪಿಜಿಯ ಒಳಗೆ. ಚಿತ್ರವನ್ನು ಇಮೇಜ್ ಟ್ಯಾಗ್‌ನಲ್ಲಿ ಹಾಕಿದ್ದರೆ ಆಲ್ಟ್, ಅಂದರೆ ಸ್ಕ್ರೀನ್ ರೀಡರ್ ಓದಿ ಹೇಳುವ ವಿವರಣೆ, ಬರೆಯಬಹುದು. ಹಿನ್ನೆಲೆ ಚಿತ್ರಕ್ಕೆ ಆಲ್ಟ್ ಬರೆಯಲು ಜಾಗವೇ ಇಲ್ಲ.

ಕಣ್ಣಿದ್ದವರಿಗೂ ಇದರಿಂದ ತೊಂದರೆಯೇ. ಸೈಬರ್ ಸೆಂಟರ್‌ನಲ್ಲಿ ಪ್ರಿಂಟ್ ತೆಗೆಸಿದರೆ ಆ ಜಾಗ ಖಾಲಿ ಬರುತ್ತದೆ. ಸೆಟ್ಟಿಂಗ್ ಬದಲಿಸದಿದ್ದರೆ ಬ್ರೌಸರ್ ಹಿನ್ನೆಲೆ ಚಿತ್ರವನ್ನು ಮುದ್ರಿಸುವುದಿಲ್ಲ. ಸ್ಕ್ರಿಪ್ಟ್ ಕೈಕೊಟ್ಟರಂತೂ ಯಾರಿಗೂ ಏನೂ ಕಾಣದು.

ಸ್ಕ್ರಿಪ್ಟಿನಿಂದ ಹಿನ್ನೆಲೆ ಚಿತ್ರ ಬದಲಿಸುವ ಈ ವಿಧಾನವೇ ಕೆಟ್ಟದ್ದು ಅಂತಲ್ಲ. ನಾನೂ ದಿನಾ ಬಳಸುತ್ತೇನೆ. ದೀಪಾವಳಿಗೆ ಬಟ್ಟೆ ಅಂಗಡಿಯ ಪುಟಕ್ಕೆ ಹಣತೆ, ಯುಗಾದಿಗೆ ಮಾವಿನ ತೋರಣ. ತಾರೀಖು ನೋಡಿ ಸ್ಕ್ರಿಪ್ಟೇ ಬದಲಿಸುತ್ತದೆ. ಅದು ಅಲಂಕಾರ. ಮಾತೆಲ್ಲ ಅದರ ಮೇಲೆ ನಿಜವಾದ ಅಕ್ಷರದಲ್ಲಿರುತ್ತದೆ. ಚಿತ್ರ ಬರದಿದ್ದರೂ ಬಿಳಿ ಅಕ್ಷರ ಕಾಣಲಿ ಅಂತ ಕೆಳಗೊಂದು ಗಾಢ ಬಣ್ಣವನ್ನೂ ಕೊಟ್ಟಿರುತ್ತೇನೆ. ಇಷ್ಟಕ್ಕೆ ಜಾಸ್ತಿ ಹೊತ್ತೇನೂ ಬೇಕಿಲ್ಲ.

ಹಿಂದೆ ಕನ್ನಡ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಅಕ್ಷರ ಕೆಟ್ಟು ಕಾಣುತ್ತಿತ್ತು. ಆಗ ಚಿತ್ರ ಮಾಡಿ ಹಾಕಿದ್ದಕ್ಕೆ ಕಾರಣವಿತ್ತು. ಈಗ ಮೊಬೈಲಿನಲ್ಲೂ ಎಲ್ಲ ಯಂತ್ರಕ್ಕೂ ಅರ್ಥವಾಗುವ ಯೂನಿಕೋಡ್ ಕನ್ನಡ ಇದೆ ಅಲ್ವಾ? ಅಂಗವಿಕಲರ ಹಕ್ಕುಗಳ ಕಾಯ್ದೆ ಬಂದದ್ದು 2016ರಲ್ಲಿ. ಮಾಹಿತಿ ಎಲ್ಲರ ಕೈಗೆ ಸಿಗಬೇಕು ಎಂದು ಅದರಲ್ಲೇ ಇದೆ. ಆದರೂ ನನ್ನ ತಮ್ಮ ಕೊನೇ ದಿನಾಂಕ ತಿಳಿಯಲು ಅಕ್ಕನನ್ನು ಕರೆಯಬೇಕಾಯಿತು. ಇದು ಸರಿಯಲ್ಲ.

ಪ್ರಾಂಶುಪಾಲರಲ್ಲಿ ನನ್ನ ಕೋರಿಕೆ ಇಷ್ಟೇ. ವೆಬ್‌ಸೈಟ್ ಮಾಡಿದವರಿಗೆ ದುಡ್ಡು ಕೊಡುವ ಮೊದಲು ಆ ದಿನಾಂಕದ ಮೇಲೆ ಮೌಸ್ ಎಳೆದು ಕಾಪಿ ಮಾಡಿ ನೋಡಿ. ಆಗದಿದ್ದರೆ, ಅಕ್ಷರದಲ್ಲೇ ಬರೆದು ಕೊಡಿ ಅಂತ ವಾಪಸ್ ಕಳಿಸಿ.

– ಒಬ್ಬ ವೆಬ್ ಡಿಸೈನರ್, ದಾವಣಗೆರೆ