ಎಂಟು, ಒಂಬತ್ತನೇ ತರಗತಿಯ ಪೋಷಕರಿಗೆ ಪತ್ರ: ಮಕ್ಕಳ ಊಹೆಯ ಪುಟ

ಆತ್ಮೀಯ ಪೋಷಕರೆ,

ನಮಸ್ಕಾರ. ಈ ತಿಂಗಳಿಂದ ಮಕ್ಕಳ ವಿಜ್ಞಾನದ ನೋಟ್‌ಬುಕ್‌ನಲ್ಲಿ ಹೊಸದೊಂದು ಪುಟ ಕಾಣುತ್ತದೆ. ಮೇಲೆ 'ಕಂಡದ್ದು', ನಡುವೆ 'ಕಾರಣ ಏನಿರಬಹುದು', ಕೆಳಗೆ 'ಖಾತ್ರಿ ಮಾಡಿಕೊಳ್ಳುವುದು ಹೇಗೆ'. ಪಾಠ ಬಿಟ್ಟು ಸುಮ್ನೆ ಏನೋ ಬರೆಸುತ್ತಿದ್ದಾರೆ ಎಂದು ದಯವಿಟ್ಟು ತಿಳಿಯಬೇಡಿ. ಕಂಡದ್ದಕ್ಕೆ ಕಾರಣ ಊಹಿಸಿ, ಅದನ್ನು ಪರೀಕ್ಷಿಸಿ ನೋಡುವುದನ್ನು ಕಲಿಸುವ ಪುಟ ಇದು.

ನಿಮ್ಮಲ್ಲಿ ಬಹಳ ಜನ ಬ್ಯಾಡಗಿ ಮೆಣಸಿನಕಾಯಿ ಬೆಳೆಯುವವರು. ಎಲೆ ಮುಟುರಿಕೊಂಡಿದ್ದರೆ ಮೊದಲು ಏನು ನೋಡುತ್ತೀರಿ? ಅಂಚು ಮೇಲಕ್ಕೆ ಮಡಚಿದ್ದರೆ ಥ್ರಿಪ್ಸ್ ಅಂತೀರಿ, ಕೆಳಕ್ಕೆ ಮಡಚಿದ್ದರೆ ಮೈಟ್ ನುಸಿ ಅಂತೀರಿ. ಕೀಟ ಇನ್ನೂ ಕಣ್ಣಿಗೆ ಬಿದ್ದಿರುವುದಿಲ್ಲ. ಕಂಡ ಗುರುತಿಗೆ ಚೆನ್ನಾಗಿ ಹೊಂದುವ ಕಾರಣವನ್ನು ಹಿಡಿದಿರುತ್ತೀರಿ, ಅಷ್ಟೇ. ಎಲೆ ತಿರುವಿ ಭೂತಗನ್ನಡಿ ಹಿಡಿದು ನೋಡಿದ ಮೇಲೆ ಖಾತ್ರಿ. ನೋಡದೆ ಬೇರೆ ಔಷಧ ಹೊಡೆದರೆ ದುಡ್ಡೂ ಹೋಯಿತು, ಬೆಳೆಯೂ ಹೋಯಿತು, ಅಲ್ವಾ? ಡಾಕ್ಟರು ಜ್ವರದ ಮೂಲ ಹುಡುಕುವುದೂ, ಮೆಕ್ಯಾನಿಕ್ ಇಂಜಿನ್ ಸದ್ದು ಕೇಳಿ ದೋಷ ಹೇಳುವುದೂ ಹೀಗೇ. ಹೀಗೆ ಗುರುತು ನೋಡಿ ಕಾರಣ ಊಹಿಸುವುದಕ್ಕೆ ಅಮೆರಿಕದ ತತ್ವಜ್ಞಾನಿ ಚಾರ್ಲ್ಸ್ ಪರ್ಸ್ 'ಅಬ್ಡಕ್ಷನ್' ಎಂದು ಹೆಸರಿಟ್ಟರು.

ಈ ದಾರಿಗೆ ಎಷ್ಟು ಬಲವಿದೆ, ಎಷ್ಟು ಅಪಾಯವಿದೆ ಎಂದು ತಿಳಿಯಲು ಫ್ರಾನ್ಸಿನ ಲೆ ವೆರಿಯೆ ಎಂಬ ಖಗೋಳ ವಿಜ್ಞಾನಿಯ ಕಥೆ ಸಾಕು. ಯುರೇನಸ್ ಗ್ರಹ ಲೆಕ್ಕದ ದಾರಿ ಬಿಟ್ಟು ಸರಿಯುತ್ತಿತ್ತು. ಆಚೆ ಇನ್ನೊಂದು ಗ್ರಹ ಎಳೆಯುತ್ತಿರಬೇಕು ಎಂದರು ಅವರು. 1846ರಲ್ಲಿ ಬರ್ಲಿನ್ನಿನವರು ಅವರು ಹೇಳಿದ ಕಡೆ ದೂರದರ್ಶಕ ತಿರುಗಿಸಿದರು. ನೆಪ್ಚೂನ್ ಸಿಕ್ಕಿತು. ಬುಧನ ಚಲನೆಯಲ್ಲೂ ಚೂರು ವ್ಯತ್ಯಾಸವಿತ್ತು. ಅಲ್ಲೂ ಅದೇ ಊಹೆ ಮಾಡಿದರು. ಆ ಗ್ರಹಕ್ಕೆ ವಲ್ಕನ್ ಎಂದು ಹೆಸರೂ ಆಯಿತು, ಗ್ರಹ ಮಾತ್ರ ಸಿಗಲಿಲ್ಲ. ನಿಜವಾದ ಕಾರಣ ತಿಳಿದದ್ದು 1915ರಲ್ಲಿ, ಐನ್‌ಸ್ಟೈನ್ ಗುರುತ್ವವನ್ನೇ ಹೊಸದಾಗಿ ವಿವರಿಸಿದಾಗ. ಮನುಷ್ಯ ಅದೇ, ತರ್ಕವೂ ಅದೇ. ನೋಡಿದಾಗ ಒಂದು ಊಹೆ ನಿಂತಿತು, ಇನ್ನೊಂದು ಬಿತ್ತು.

ಕೆಲವು ಮಕ್ಕಳು ಊಹೆ ಮಾಡಲು ಹೆದರುತ್ತಾರೆ. ಇನ್ನು ಕೆಲವರು ಮೊದಲು ಹೊಳೆದದ್ದನ್ನೇ ಗಟ್ಟಿಯಾಗಿ ಹಿಡಿದುಬಿಡುತ್ತಾರೆ. ನನಗೆ ಜಾಸ್ತಿ ಚಿಂತೆ ಇರುವುದು ಈ ಎರಡನೆಯವರ ಬಗ್ಗೆ. ಮೊಬೈಲಿಗೆ ಬಂದ ಸುದ್ದಿಯನ್ನೂ ಅವರು ಹಾಗೇ ನಂಬುತ್ತಾರೆ. ಮನೆಯಲ್ಲಿ ಮಗು ಏನಾದರೂ ತೀರ್ಮಾನ ಹೇಳಿದರೆ ಕೂಡಲೇ ಸರಿ, ತಪ್ಪು ಎನ್ನಬೇಡಿ. 'ಬೇರೆ ಕಾರಣವೂ ಇರಬಹುದಾ?' ಎಂದು ಕೇಳಿ. ಉತ್ತರ ಬರುವವರೆಗೆ ಸ್ವಲ್ಪ ಕಾಯಿರಿ.

ಈ ಪುಟಕ್ಕೆ ಅಂಕ ಇದೆ. ಊಹೆ ತಪ್ಪಾದರೂ ಪರೀಕ್ಷಿಸುವ ದಾರಿ ಸರಿಯಿದ್ದರೆ ಪೂರ್ತಿ ಅಂಕ ಕೊಡುತ್ತೇವೆ. ರೈತರು, ನರ್ಸ್‌ಗಳು, ಗ್ಯಾರೇಜಿನವರು ಯಾರಾದರೂ ಒಂದು ಶನಿವಾರ ಬಂದು ನಿಮ್ಮ ಕೆಲಸದಲ್ಲಿ ಕಾರಣ ಹೇಗೆ ಹುಡುಕುತ್ತೀರಿ ಎಂದು ಮಕ್ಕಳಿಗೆ ಹೇಳಿದರೆ ಬಹಳ ಉಪಕಾರ. ತರಗತಿ ಶಿಕ್ಷಕರಿಗೆ ಹೆಸರು ಕೊಡಿ.

ಇಂತಿ,
ಮುಖ್ಯೋಪಾಧ್ಯಾಯಿನಿ
ಪ್ರೌಢಶಾಲೆ, ಹಾವೇರಿ ಜಿಲ್ಲೆ